ಗ್ಯಾರೇಜಿನಲ್ಲಿ ಸರಿ, ರಸ್ತೆಗಿಳಿದರೆ ಜಗ್ಗಾಟ: ಸ್ಟ್ರೀಟ್ ರೇಸಿಂಗ್ ಆಟದ ದೋಷ ಹುಡುಕುವ ಬಗೆ

ರೇಸಿಂಗ್ ಆಟ ಜಗ್ಗುತ್ತಿದೆ ಅಂದಕೂಡಲೇ ನಮ್ಮ ಹುಬ್ಬಳ್ಳಿ ಕಡೆ ಸಿಗುವ ಮೊದಲ ಸಲಹೆ ಒಂದೇ: "ಗ್ರಾಫಿಕ್ಸ್ ಕಾರ್ಡ್ ಹಾಕ್ಸ್ರಿ." ಅಂಗಡಿಯವರಷ್ಟೇ ಅಲ್ಲ, ಪಕ್ಕದ ಮನೆಯ ಪಿಯುಸಿ ಹುಡುಗನೂ ಇದನ್ನೇ ಹೇಳುತ್ತಾನೆ. ಆದರೆ ರಿಪೇರಿಗೆಂದು ನನ್ನ ಕೈಗೆ ಬರುವ ಮಷಿನ್‌ಗಳಲ್ಲಿ ಜಾಸ್ತಿ ಸಲ ಚಿತ್ರ ಮೂಡಿಸುವ ಈ ಕಾರ್ಡಿನ ತಪ್ಪೇ ಇರುವುದಿಲ್ಲ. ಧೂಳು, ಹಳೇ ಹಾರ್ಡ್ ಡಿಸ್ಕ್, ತಪ್ಪು ಜಾಗಕ್ಕೆ ಸಿಕ್ಕಿಸಿದ ಕೇಬಲ್, ಅಗ್ಗದ ಕೀಬೋರ್ಡ್, ಇವುಗಳದ್ದೇ ಕಾರುಬಾರು. ಇವಕ್ಕೆ ಖರ್ಚು ಕಡಿಮೆ, ಕೆಲವಕ್ಕೆ ಖರ್ಚೇ ಇಲ್ಲ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ದೋಷ ಎಲ್ಲಿದೆ ಅಂತ ಪತ್ತೆ ಹಚ್ಚೋಣ.

ಯಾವ ಆಟಗಳ ಮಾತು ಅಂದರೆ, ಕಾನೂನು ಮೀರಿ ಊರೊಳಗಿನ ರಸ್ತೆಯಲ್ಲೇ ರೇಸ್ ಬಿಡುವಂಥವು. 2003ರ ಮಿಡ್‌ನೈಟ್ ಕ್ಲಬ್ 2ರಲ್ಲಿ ಲಾಸ್ ಏಂಜಲೀಸ್, ಪ್ಯಾರಿಸ್, ಟೋಕಿಯೋ ಮೂರೂ ಊರು ಸುತ್ತಬಹುದಿತ್ತು. ಆಮೇಲೆ ನೀಡ್ ಫಾರ್ ಸ್ಪೀಡ್ ಸಾಲು: 2004ರ ಅಂಡರ್‌ಗ್ರೌಂಡ್ 2, 2005ರ ಮೋಸ್ಟ್ ವಾಂಟೆಡ್, 2019ರ ಹೀಟ್, 2022ರ ಅನ್‌ಬೌಂಡ್. ಹೀಟ್‌ನ ಪಾಮ್ ಸಿಟಿ ಮಯಾಮಿಯನ್ನು ನೋಡಿ ಕಟ್ಟಿದ ಊರು, ಅನ್‌ಬೌಂಡ್‌ನ ಲೇಕ್‌ಶೋರ್ ಶಿಕಾಗೋವನ್ನು ನೋಡಿ ಕಟ್ಟಿದ್ದು. ಇದನ್ನೇ ಗೋಕುಲ ರೋಡಿನಲ್ಲಿ ಬೈಕ್ ಮೇಲೆ ಮಾಡುವವರಿಗೆ ನನ್ನ ಹತ್ತಿರ ಔಷಧಿ ಇಲ್ಲ. ಅವರಿಗೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಬೇರೆಯೇ ಇದೆ.

ಮೊದಲು ನಾಲ್ಕು ಮಾತು ಕೇಳಿ

"ಮೊದ್ಲ ಚಲೋ ಓಡ್ತಿತ್ತಣ್ಣಾ, ಈಗ ಜಗ್ಗಿ ಜಗ್ಗಿ ಹೊಂಟೈತಿ." ಇಷ್ಟು ಹೇಳಿದರೆ ನನಗೆ ಏನೂ ಗೊತ್ತಾಗುವುದಿಲ್ಲ. ನಾನು ಮರಳಿ ಕೇಳುವುದು ಹೀಗೆ. ಆಟ ಶುರುವಾದ ಕೂಡಲೇ ಜಗ್ಗುತ್ತದೋ, ಹದಿನೈದು–ಇಪ್ಪತ್ತು ನಿಮಿಷ ಆದ ಮೇಲೋ? ಆಟದ ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವಾಗಲೂ ಜಗ್ಗುತ್ತದೋ, ಊರೊಳಗೆ ಜೋರಾಗಿ ಓಡಿಸುವಾಗ ಮಾತ್ರವೋ? ಚಿತ್ರ ನಿಂತು ನಿಂತು ಹೋಗುತ್ತದೋ, ಮಷಿನ್ನೇ ಫಟ್ ಅಂತ ಬಂದ್ ಆಗುತ್ತದೋ? ಚಿತ್ರ ನುಣುಪಾಗಿದ್ದು ಕಾರು ಮಾತ್ರ ಹೇಳಿದ ಮಾತು ಕೇಳುವುದಿಲ್ಲವೋ?

ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹದಿನೈದು ನಿಮಿಷದ ಮೇಲೆ ಶುರುವಾದರೆ ಬಿಸಿಯ ತೊಂದರೆ. ಗ್ಯಾರೇಜಿನಲ್ಲಿ ಸರಿಯಿದ್ದು ಓಟದಲ್ಲಿ ಮಾತ್ರ ತಡವರಿಸಿದರೆ ಡಿಸ್ಕ್ ಅಥವಾ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್. ಫಟ್ ಅಂತ ಬಂದ್ ಆದರೆ ಕರೆಂಟಿನ ದಾರಿ ನೋಡಬೇಕು, ಇಲ್ಲವೇ ಮಿತಿ ಮೀರಿದ ಬಿಸಿ. ಕಾರು ಮಾತು ಕೇಳದಿದ್ದರೆ ಕೀಬೋರ್ಡ್ ಅಥವಾ ಕಂಟ್ರೋಲರ್. ಮೆನುವಿನಿಂದಲೇ ಎಲ್ಲವೂ ನಿಧಾನ ಅಂದರೆ ಮಾತ್ರ ಗ್ರಾಫಿಕ್ಸ್ ಕಡೆ ತಿರುಗಿ. ಆಗಲೂ ಕಾರ್ಡ್ ಬದಲಿಸುವ ಮಾತು ಕೊನೆಗೆ.

ಇನ್ನೊಂದು ವಿಷಯ. ಊರಿನಲ್ಲಿ ಒಂದು ಸುತ್ತು ಗೊತ್ತುಮಾಡಿಕೊಳ್ಳಿ. ಅದೇ ರಸ್ತೆ, ಅದೇ ತಿರುವು, ಅದೇ ಕಾರು. ಏನೇ ಬದಲಿಸಿದರೂ ಆ ಸುತ್ತನ್ನೇ ಓಡಿಸಿ ನೋಡಿ. ಒಂದೇ ಸಲಕ್ಕೆ ಗ್ರಾಫಿಕ್ಸ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಅಪ್‌ಡೇಟ್ ಮಾಡಿ, ಸೆಟ್ಟಿಂಗ್ ಇಳಿಸಿ, ಫ್ಯಾನ್ ಒರೆಸಿದರೆ ಯಾವುದರಿಂದ ಸರಿಯಾಯಿತು ಅಂತ ದೇವರಿಗೇ ಗೊತ್ತು. ಡ್ರೈವರ್ ಹೊಸದಾಗಿ ಹಾಕಿದ ಮೇಲೆ ಮೊದಲ ಸುತ್ತಿನಲ್ಲಿ ಸ್ವಲ್ಪ ತಡವರಿಸುವುದು ಸಹಜ. ಎರಡನೇ ಸುತ್ತನ್ನು ಲೆಕ್ಕಕ್ಕೆ ಹಿಡಿಯಿರಿ.

ಊರೊಳಗೆ ಮಾತ್ರ ತಡವರಿಸಿದರೆ

ಇದು ಈ ಬಗೆಯ ಆಟಕ್ಕೇ ಅಂಟಿದ ಕಾಯಿಲೆ. ಟ್ರ್ಯಾಕ್ ಮೇಲೆ ಓಡಿಸುವ ಆಟಕ್ಕೆ ಮುಂದಿನ ತಿರುವು ಯಾವುದು ಅಂತ ಮೊದಲೇ ಗೊತ್ತು. ಬೇಕಾದ್ದನ್ನೆಲ್ಲ ರೇಸಿಗೆ ಮೊದಲೇ ರ್‍ಯಾಮಿಗೆ ತುಂಬಿಕೊಂಡು ಕೂರುತ್ತದೆ. ದೊಡ್ಡ ಊರಿನ ಆಟದಲ್ಲಿ ನೀವು ಎಡಕ್ಕೆ ಹೋಗುತ್ತೀರೋ, ಫ್ಲೈಓವರ್ ಹತ್ತುತ್ತೀರೋ, ಗಲ್ಲಿ ಹೊಕ್ಕು ಪೊಲೀಸರಿಂದ ತಪ್ಪಿಸಿಕೊಳ್ಳುತ್ತೀರೋ ಅದಕ್ಕೆ ಗೊತ್ತಿಲ್ಲ. ಇಡೀ ಊರು ರ್‍ಯಾಮಿನಲ್ಲಿ ಹಿಡಿಸುವುದೂ ಇಲ್ಲ. ಹಾಗಾಗಿ ನಿಮ್ಮ ಕಾರಿನ ಸುತ್ತಲಿನ ಒಂದಷ್ಟು ರಸ್ತೆ, ಕಟ್ಟಡ, ದೀಪಗಳನ್ನು ಮಾತ್ರ ಇಟ್ಟುಕೊಂಡಿರುತ್ತದೆ. ಕಾರು ಮುಂದೆ ಹೋದಂತೆಲ್ಲ ಡಿಸ್ಕಿನಿಂದ ಹೊಸದನ್ನು ಎಳೆದುಕೊಂಡು ಹಿಂದಿನದನ್ನು ಬಿಡುತ್ತಾ ಹೋಗುತ್ತದೆ.

ಈಗ ಲೆಕ್ಕ ಹಾಕಿ. ಗಂಟೆಗೆ 250 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 70 ಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ಅಂತ ಹಿಡಿದರೆ ಐದು ನಿಮಿಷದೊಳಗೆ ಮುಟ್ಟಿಬಿಡುವ ವೇಗ. ಅಷ್ಟೂ ದಾರಿಯ ಮನೆ, ಮರ, ಬೋರ್ಡು ಎಲ್ಲವನ್ನೂ ಡಿಸ್ಕ್ ಆಗಿಂದಾಗ ಕೊಡುತ್ತಲೇ ಇರಬೇಕು. ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಹಳೇ ಲ್ಯಾಪ್‌ಟಾಪಿನ 5400 ಆರ್‌ಪಿಎಂ ಹಾರ್ಡ್ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿದು ಫೈಲ್ ಹುಡುಕುವುದಕ್ಕೇ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ತಿನ್ನುತ್ತದೆ. ಫೈಲ್ ಚೂರುಚೂರಾಗಿ ಹರಡಿದ್ದರೆ ಕೇಳಲೇಬೇಡಿ. ಎಸ್‌ಎಸ್‌ಡಿಯಲ್ಲಿ ಸರಿದಾಡುವ ಮುಳ್ಳೇ ಇಲ್ಲ, ಬರೀ ಚಿಪ್ಪು. ಅದೇ ಕೆಲಸ ಮಿಲಿಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ.

ಹಾಗಾಗಿ ಕಾರಿಗೆ ದಿಢೀರ್ ವೇಗ ಕೊಡುವ ನೈಟ್ರೋ ಒತ್ತಿದಾಗಲೇ ಆಟ ಗಕ್ಕನೆ ನಿಲ್ಲುತ್ತದೆ, ದೂರದ ಕಟ್ಟಡ ಮಸುಕಾಗಿ ಬಂದು ಆಮೇಲೆ ಚೂಪಾಗುತ್ತದೆ, ಕೆಲವೊಮ್ಮೆ ರಸ್ತೆಯೇ ಇಲ್ಲದೆ ಕಾರು ಪಾತಾಳಕ್ಕಿಳಿಯುತ್ತದೆ. ಇಂಥದ್ದು ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ ಕೂರಬೇಡಿ. ಟೆಕ್ಸ್ಚರ್ (ಗೋಡೆ, ರಸ್ತೆಗಳ ಮೇಲೆ ಅಂಟಿಸುವ ಚಿತ್ರ) ಒಂದನ್ನು ಬಿಟ್ಟರೆ ಬೇರೆ ಯಾವುದನ್ನು ಇಳಿಸಿದರೂ ಇದಕ್ಕೆ ಅಷ್ಟೇನೂ ಉಪಯೋಗವಿಲ್ಲ.

ಪರೀಕ್ಷೆ ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಆಟ ಆಡುತ್ತಾ ಜಗ್ಗಿದ ಕೂಡಲೇ ಆಲ್ಟ್–ಟ್ಯಾಬ್ ಹೊಡೆದು ಗ್ರಾಫ್ ನೋಡಿ. ಜಗ್ಗಿದ ಕ್ಷಣಕ್ಕೆ ಸರಿಯಾಗಿ ಡಿಸ್ಕ್ ಶೇಕಡ 100ಕ್ಕೆ ಏರಿ ಚಪ್ಪಟೆಯಾಗಿ ನಿಂತಿದ್ದರೆ ಸುಳಿವು ಸಿಕ್ಕಂತೆ.

ಆದರೆ ತಾಳಿ. ಡಿಸ್ಕ್ 100 ತೋರಿಸಿದ ಮಾತ್ರಕ್ಕೆ ಡಿಸ್ಕೇ ಕಳ್ಳ ಅಲ್ಲ. ಪಕ್ಕದಲ್ಲಿ ಮೆಮೊರಿ ಎಷ್ಟಿದೆ ನೋಡಿ. 8 ಜಿಬಿ ಮಷಿನ್ನಿನಲ್ಲಿ ಕ್ರೋಮ್ ಹತ್ತಾರು ಟ್ಯಾಬ್ ತೆರೆದುಕೊಂಡು ಹಿಂದೆ ಕೂತಿದ್ದರೆ ಮೆಮೊರಿ ಶೇಕಡ 95 ದಾಟಿರುತ್ತದೆ. ಆಗ ವಿಂಡೋಸ್ ರ್‍ಯಾಮಿನಲ್ಲಿ ಹಿಡಿಸದ್ದನ್ನು ಡಿಸ್ಕಿಗೆ ಎತ್ತಿ ಹಾಕುತ್ತದೆ, ಬೇಕಾದಾಗ ತಿರುಗಿ ತರುತ್ತದೆ. ಡಿಸ್ಕ್ ಒದ್ದಾಡುವುದು ರ್‍ಯಾಮಿನ ಪಾಪಕ್ಕೆ. ಬ್ರೌಸರ್, ವಾಟ್ಸಾಪ್, ಹಿಂದೆ ಡೌನ್‌ಲೋಡ್ ಆಗುತ್ತಿರುವ ಅಪ್‌ಡೇಟ್ ಎಲ್ಲ ಬಂದ್ ಮಾಡಿ ಅದೇ ಸುತ್ತು ಓಡಿಸಿ. ಸರಿಯಾದರೆ ಇನ್ನೊಂದು ರ್‍ಯಾಮ್ ಕಡ್ಡಿ ಹಾಕಿಸಿ. ಎರಡನೇ ಕಡ್ಡಿಯಿಂದ ಇನ್ನೂ ಒಂದು ಲಾಭ ಇದೆ. ಬೇರೆ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿನಲ್ಲೇ ಆಡುವವರಿಗೆ ಒಂದೇ ಕಡ್ಡಿಯಿಂದ ಎರಡಕ್ಕೆ ಹೋದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ, ಅಂದರೆ ಎಫ್‌ಪಿಎಸ್ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಆ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಇದೇ ರ್‍ಯಾಮನ್ನು ಹಂಚಿಕೊಂಡು ತಿನ್ನುತ್ತದೆ.

ಮೆಮೊರಿ ಖಾಲಿ ಇದ್ದೂ ಡಿಸ್ಕ್ ಒದ್ದಾಡಿದರೆ ಆಟವನ್ನು ಎಸ್‌ಎಸ್‌ಡಿಗೆ ಸಾಗಿಸಿ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಸಿ ಡ್ರೈವ್ ಎಸ್‌ಎಸ್‌ಡಿ, ಡಿ ಡ್ರೈವ್ ಹಾರ್ಡ್ ಡಿಸ್ಕ್ ಇರುತ್ತದೆ. ಜಾಗ ಜಾಸ್ತಿ ಅಂತ ಆಟವನ್ನು ಡಿಗೆ ಹಾಕಿರುತ್ತಾರೆ. ಆಟ ಕೊಂಡು ಆಡುವ ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋದರೆ ಇನ್‌ಸ್ಟಾಲ್ಡ್ ಫೈಲ್ಸ್ ಒಳಗೆ ಮೂವ್ ಅಂತ ಇದೆ. ಮತ್ತೆ ಡೌನ್‌ಲೋಡ್ ಮಾಡುವ ಗೋಜಿಲ್ಲ. ಹೀಟ್ ಒಂದೇ 50 ಜಿಬಿ ಕೇಳುತ್ತದೆ, ಜಾಗ ನೋಡಿಕೊಳ್ಳಿ. ಹೊರಗಿನ ಹಾರ್ಡ್ ಡಿಸ್ಕಿನಿಂದ ಆಡುವವರು ಅದನ್ನು ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿದ್ದೀರಾ ನೋಡಿ. ನೀಲಿ ಬಣ್ಣದ ಪೋರ್ಟ್ ಇದ್ದರೆ ಅದಕ್ಕೆ ಹಾಕಿ.

ಹದಿನೈದು ನಿಮಿಷದ ಮೇಲೆ ಶುರುವಾದರೆ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೋಚಿಂಗ್‌ಗೆ ಹೋಗುವ ಗದಗಿನ ಹುಡುಗ ಒಬ್ಬ ಲ್ಯಾಪ್‌ಟಾಪ್ ತಂದಿದ್ದ. "ಅಣ್ಣಾ, ಬೆಳಿಗ್ಗೆ ಚಲೋ ಓಡ್ತೈತಿ, ಮಧ್ಯಾಹ್ನ ಸಾಯ್ತೈತಿ" ಅಂದ. ಬೆಳಿಗ್ಗೆ ಕೋಚಿಂಗ್ ಬಿಟ್ಟು ಆಟ ಆಡುತ್ತಿದ್ದಿ ಏನು ಅಂತ ಕೇಳಲಿಲ್ಲ, ಅದು ನನ್ನ ಕೆಲಸ ಅಲ್ಲ. ಹಿಂದಿನ ಮುಚ್ಚಳ ಬಿಚ್ಚಿದಾಗ ಫ್ಯಾನ್ ಮೇಲ್ನೋಟಕ್ಕೆ ಸ್ವಚ್ಛವಾಗಿಯೇ ಇತ್ತು. ಫ್ಯಾನ್ ಎತ್ತಿದಾಗ ಅಸಲಿ ವಿಷಯ ಕಂಡಿತು. ಫ್ಯಾನ್ ಗಾಳಿ ಊದುವ ಬಾಯಿಗೂ ತಾಮ್ರದ ಹೀಟ್‌ಸಿಂಕ್ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಧೂಳು ಕಂಬಳಿ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಚಿಮಟಿಗೆಯಲ್ಲಿ ಒಂದು ತುದಿ ಹಿಡಿದು ಎಳೆದರೆ ಅಖಂಡವಾಗಿ ಕೈಗೆ ಬಂತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಮೇಲಿಂದ ಬ್ಲೋವರ್ ಹೊಡೆದು "ಸರ್ವಿಸ್ ಆಯ್ತ್ರಿ" ಅಂತ ಕೊಟ್ಟರೆ ಈ ಪದರ ಜಾಗ ಬಿಟ್ಟು ಕದಲುವುದಿಲ್ಲ. ಫ್ಯಾನ್ ಎತ್ತಲೇಬೇಕು. ಗದಗ, ನವಲಗುಂದ, ಹುಬ್ಬಳ್ಳಿಯ ಎರೆ ಮಣ್ಣಿನ ಧೂಳು ನುಣ್ಣಗಿರುತ್ತದೆ, ಜಾಲರಿ ದಾಟಿ ಒಳಗೆ ಹೋಗುತ್ತದೆ. ರಸ್ತೆ ಅಗೆದಿರುವ ಓಣಿಯಲ್ಲಿ ಮನೆ ಇದ್ದರಂತೂ ವರ್ಷಕ್ಕೊಮ್ಮೆಯ ಲೆಕ್ಕ ಸಾಲದು.

ಬಿಸಿಯಾದರೆ ಏನಾಗುತ್ತದೆ? ಪ್ರೊಸೆಸರ್ 95ರಿಂದ 100 ಡಿಗ್ರಿ ಮುಟ್ಟಿದ ಮೇಲೆ ಸುಡದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಸಿಪಿಯು (ಅದೇ ಪ್ರೊಸೆಸರ್) ಪುಟದಲ್ಲಿ ಸ್ಪೀಡ್ ಅಂತ ಒಂದು ಅಂಕೆ ಇದೆ. ಆಟದ ಶುರುವಿನಲ್ಲಿ ಅದು 3.5 ಗಿಗಾಹರ್ಟ್ಸ್ ಇದ್ದು, ಜಗ್ಗಲು ಶುರುವಾದಾಗ 1.5ರ ಆಸುಪಾಸಿಗೆ ಬಿದ್ದಿದ್ದರೆ ಬೇರೆ ಸಾಕ್ಷಿ ಬೇಡ. ಪ್ರೊಸೆಸರಿನ ಬಿಸಿಯನ್ನು ಟಾಸ್ಕ್ ಮ್ಯಾನೇಜರ್ ತೋರಿಸುವುದಿಲ್ಲ. ಎಚ್‌ಡಬ್ಲ್ಯೂಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ತೋರಿಸುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ದೂರು ಹೆಚ್ಚಾಗುವುದಕ್ಕೆ ಕಾರಣ ಇಷ್ಟೇ: ಫ್ಯಾನ್ ಒಳಗೆ ಎಳೆಯುವ ಗಾಳಿಯೇ ಬಿಸಿ. ರೂಮು ಹತ್ತು ಡಿಗ್ರಿ ಕಾದರೆ ಒಳಗಿನ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಮೇಲೇರುತ್ತದೆ. ಚಳಿಗಾಲದಲ್ಲಿ 88ಕ್ಕೆ ನಿಂತು ಹೇಗೋ ದೂಡುತ್ತಿದ್ದ ಲ್ಯಾಪ್‌ಟಾಪ್ ಬೇಸಿಗೆಯಲ್ಲಿ ಮಿತಿ ಮುಟ್ಟುತ್ತದೆ. ಹಾಸಿಗೆ ಮೇಲೆ ಇಟ್ಟು ಆಡಿದರೆ ಇನ್ನೂ ಬೇಗ. ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನ ಹಿಂದಿನ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಚ್ಚಿ, ಅದೇ ಸುತ್ತು ಅರ್ಧ ಗಂಟೆ ಓಡಿಸಿ. ಜಗ್ಗಾಟ ತಡವಾಗಿ ಬಂದರೆ ಅಥವಾ ಬರದೇ ಇದ್ದರೆ ಬಿಸಿಯೇ ಕಾರಣ.

ಸ್ವಚ್ಛ ಮಾಡುವಾಗ ಬ್ಲೋವರ್ ಹೊಡೆದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ನಾಲ್ಕೈದು ವರ್ಷ ಹಳೆಯ ಮಷಿನ್ ಆದರೆ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಪೂರಾ ಒರೆಸಿ ಹೊಸದಾಗಿ ಸಣ್ಣ ಬಟಾಣಿ ಕಾಳಿನಷ್ಟು ಇಡಿ. ಜಾಸ್ತಿ ಹಚ್ಚಿದರೆ ಜಾಸ್ತಿ ತಂಪು ಅಂತೇನಿಲ್ಲ.

ಫಟ್ ಅಂತ ಬಂದ್ ಆದರೆ

ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ, ರೇಸ್ ನಡುವೆ ಕತ್ತಲೆ. ವಿಂಡೋಸಿನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ ಕರ್ನೆಲ್–ಪವರ್ 41 ಅಂತ ಕೆಂಪು ಗುರುತು ಇರುತ್ತದೆ. ಅದನ್ನು ಕಂಡು ಮಷಿನ್ನಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಹೋಯ್ತು ಅಂತ ತೀರ್ಪು ಕೊಡುವವರಿದ್ದಾರೆ. ಅದು ಹೇಳುವುದು ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಮಷಿನ್ ನಿಂತಿದೆ. ಯಾಕೆ ನಿಂತಿತು ಅಂತ ಹೇಳುವುದಿಲ್ಲ.

ಮೊದಲು ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಆಡಿ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು 360 ವ್ಯಾಟ್ ಆಸುಪಾಸು. ಸುಮ್ಮನೆ ಟೈಪ್ ಮಾಡುವಾಗ ಸಾಕಾಗುತ್ತದೆ. ಕಾರ್ಡ್, ಪ್ರೊಸೆಸರ್, ಮಾನಿಟರ್ ಮೂರೂ ಒಟ್ಟಿಗೆ ಎಳೆಯುವಾಗ ಕರೆಂಟ್ ಒಂದು ಕ್ಷಣ ಮಿಣುಕಿದರೆ ಹಳೇ ಬ್ಯಾಟರಿಗೆ ತಡೆಯಲಾಗುವುದಿಲ್ಲ. ನೇರ ಪ್ಲಗ್ಗಿನಲ್ಲೂ ಹಾಗೇ ಆದರೆ ಆಟದಲ್ಲೇ ಎಫ್‌ಪಿಎಸ್‌ಗೆ 30ರ ಕಡಿವಾಣ ಹಾಕಿ ನೋಡಿ. ಕಾರ್ಡ್ ಎಳೆಯುವ ಕರೆಂಟ್ ತಗ್ಗುತ್ತದೆ. ಬಿಸಿಯೂ ತಗ್ಗುವುದರಿಂದ ಅದೇ ಹೊತ್ತಿಗೆ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟುಕೊಳ್ಳಿ. ಬಿಸಿ ಮೊದಲಿನಿಂದಲೂ ಮಿತಿಯೊಳಗೇ ಇದ್ದು, 30ಕ್ಕೆ ಇಳಿಸಿದ ಮೇಲೆ ಬಂದ್ ಆಗುವುದು ನಿಂತರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬಹುದು. ಮೇಲೆ 500 ವ್ಯಾಟ್ ಅಂತ ಬರೆದಿದ್ದನ್ನು ನಂಬಬೇಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಾದರೆ ಇನ್ನೂ ನಂಬಬೇಡಿ.

ಮೆನುವಿನಿಂದಲೇ ನಿಧಾನ

ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ ಹಿಂದೆ ಬಗ್ಗಿ ನೋಡಿ. ಮಾನಿಟರಿನ ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೆ ಹೋಗಿದೆಯೋ, ಕೆಳಗಿರುವ ಕಾರ್ಡಿಗೆ ಹೋಗಿದೆಯೋ? ದೀಪಾವಳಿಗೆ ಮನೆ ಸುಣ್ಣ ಹೊಡೆಸಿ ಕಂಪ್ಯೂಟರ್ ಸರಿಸಿದ ಮೇಲೆ ಇಂಥ ಕೇಸು ಬಂದೇ ಬರುತ್ತವೆ. ಮದರ್‌ಬೋರ್ಡಿಗೆ ಹೋಗಿದ್ದರೆ ಕಾರ್ಡ್ ಒಳಗೆ ಸುಮ್ಮನೆ ಕೂತಿರುತ್ತದೆ, ಕೇಬಲನ್ನು ಕಾರ್ಡಿಗೆ ಹಾಕಿ. ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಒಳಗೆ ಆ ಆಟಕ್ಕೆ ಹೈ ಪರ್ಫಾರ್ಮೆನ್ಸ್ ಆರಿಸಿ. ಚಾರ್ಜರ್ ಸಿಕ್ಕಿಸಿದೆಯೇ ನೋಡಿ, ಬ್ಯಾಟರಿಯಲ್ಲಿ ಎಲ್ಲವೂ ಅರೆಬರೆ.

ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ ಆಟ ಹಾಕಿದ ದಿನದಿಂದ ಶುರುವಾಗಿದ್ದರೆ, ಆಟ ತೆರೆಯದೆ ಸುಮ್ನೆ ಡೆಸ್ಕ್‌ಟಾಪಿನಲ್ಲಿ ಬಿಟ್ಟು ಟಾಸ್ಕ್ ಮ್ಯಾನೇಜರ್ ನೋಡಿ. ಏನೂ ಮಾಡದಿದ್ದರೂ ಫ್ಯಾನ್ ಭೋರ್ಗರೆಯುತ್ತಾ ಸಿಪಿಯು 60–70 ತೋರಿಸಿದರೆ ಆಟದ ಜೊತೆ ಕಾಯಿನ್ ಮೈನರ್ (ನಿಮ್ಮ ಮಷಿನ್ನಿನಲ್ಲಿ ಬೇರೆಯವರಿಗೆ ಕ್ರಿಪ್ಟೋ ದುಡ್ಡು ದುಡಿಯುವ ಕಳ್ಳ ಸಾಫ್ಟ್‌ವೇರ್) ಕೂಡ ಮನೆ ಹೊಕ್ಕಿರಬಹುದು. ಅದನ್ನು ಹುಡುಕಿ ಹುಡುಕಿ ತೆಗೆಯುವುದಕ್ಕಿಂತ ಫೋಟೋ, ನೋಟ್ಸ್ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕುವುದೇ ಮೇಲು. ಅಂದಹಾಗೆ ಮಿಡ್‌ನೈಟ್ ಕ್ಲಬ್ ಲಾಸ್ ಏಂಜಲೀಸ್ ಪಿಸಿಗೆ ಬರಲೇ ಇಲ್ಲ. 2008ರಲ್ಲಿ ಬಂದದ್ದು ಪಿಎಸ್3, ಎಕ್ಸ್‌ಬಾಕ್ಸ್ 360ಕ್ಕೆ, ಜೊತೆಗೆ ರೀಮಿಕ್ಸ್ ಹೆಸರಿನಲ್ಲಿ ಪಿಎಸ್‌ಪಿಗೆ. ಅದರ ಪಿಸಿ ಸೆಟಪ್ ಅಂತ ಯಾರಾದರೂ ಕೊಟ್ಟರೆ ಒಳಗೆ ಬೇರೇನೋ ಇದೆ.

ಕಾರು ಮಾತು ಕೇಳದಿದ್ದರೆ

ಇದು ನನಗೆ ಇಷ್ಟದ ದೋಷ, ಯಾಕಂದ್ರೆ ಯಾರೂ ಕೀಬೋರ್ಡನ್ನು ಅನುಮಾನಿಸುವುದಿಲ್ಲ. "ನೈಟ್ರೋ ಒತ್ತಿದ್ರ ಎಡಕ್ಕ ತಿರಗೂದಿಲ್ಲ, ಬಲಕ್ಕ ತಿರಗತೈತಿ" ಅಂತ ದೂರು. ಆಟದಲ್ಲಿ ಬಗ್ ಇದೆ ಅಂತ ಅಳಿಸಿ ಮತ್ತೆ ಹಾಕಿರುತ್ತಾರೆ. ಅಗ್ಗದ ಕೀಬೋರ್ಡಿನಲ್ಲಿ ಒಂದೊಂದು ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಕೀಗಳನ್ನು ಅಡ್ಡಸಾಲು, ಉದ್ದಸಾಲಾಗಿ ಜೋಡಿಸಿರುತ್ತಾರೆ. ಕೆಲವು ಮೂರು ಕೀ ಒಟ್ಟಿಗೆ ಒತ್ತಿದರೆ ಮೂರನೆಯದು ಕಂಪ್ಯೂಟರಿಗೆ ಮುಟ್ಟುವುದೇ ಇಲ್ಲ. ಮೇಲಿನ ಬಾಣ, ಎಡ ಬಾಣ, ಸ್ಪೇಸ್ ಈ ಮೂರರ ಜೋಡಿ ತುಂಬಾ ಕೀಬೋರ್ಡ್‌ಗಳಲ್ಲಿ ಹೀಗೆ ಸಿಕ್ಕಿಬೀಳುತ್ತದೆ.

ನೋಟ್‌ಪ್ಯಾಡ್ ತೆರೆದು ಮೇಲಿನ ಬಾಣ, ಎಡ ಬಾಣ ಎರಡನ್ನೂ ಒತ್ತಿ ಹಿಡಿದು ಸ್ಪೇಸ್ ಹೊಡೆಯಿರಿ. ಕರ್ಸರ್ ಮುಂದೆ ಜಾಗ ಬಿಡದಿದ್ದರೆ ಕೀಬೋರ್ಡೇ ಕಾರಣ. ಬಲ ಬಾಣದ ಜೊತೆಗೂ ಹಾಗೇ ನೋಡಿ. ಹೊಸ ಕೀಬೋರ್ಡ್ ಬೇಕಿಲ್ಲ. ನೈಟ್ರೋ ಸ್ಪೇಸ್ ಕೀಯಲ್ಲಿದ್ದರೆ ಅದನ್ನು ಕಂಟ್ರೋಲ್ ಅಥವಾ ಶಿಫ್ಟ್ ಕೀಗೆ ಬದಲಿಸಿ. ಬೇರೆ ಕೀ ಜೊತೆ ಒತ್ತಲೆಂದೇ ಇರುವ ಕೀಗಳಾದ್ದರಿಂದ ಅವುಗಳ ದಾರಿ ಸಾಮಾನ್ಯವಾಗಿ ಬೇರೆ ಇರುತ್ತದೆ. ಶಿಫ್ಟ್ ಆದರೆ ಐದು ಸಲ ಒತ್ತಿದಾಗ ಬರುವ ಸ್ಟಿಕಿ ಕೀಸ್ ಪೆಟ್ಟಿಗೆಯನ್ನು ಮೊದಲೇ ಬಂದ್ ಮಾಡಿಡಿ. ರೇಸಿನ ಕೊನೇ ತಿರುವಿನಲ್ಲೇ ಅದು ಎದ್ದು ಬರುವುದು.

ಕಂಟ್ರೋಲರಿನಲ್ಲಿ ಕಾರು ತಾನಾಗಿ ಒಂದು ಬದಿಗೆ ಎಳೆದರೆ ರನ್ ಪೆಟ್ಟಿಗೆಯಲ್ಲಿ ಜಾಯ್ ಡಾಟ್ ಸಿಪಿಎಲ್ ಹೊಡೆದು ನೋಡಿ. ಕೈ ಬಿಟ್ಟಾಗ ಗುರುತು ನಡುವೆ ನಿಲ್ಲದಿದ್ದರೆ ಸ್ಟಿಕ್ ಸವೆದಿದೆ. ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡುವ, ಆಟದ ಡೆಡ್‌ಜೋನ್ ಸ್ವಲ್ಪ ಏರಿಸಿದರೆ ಇನ್ನೊಂದಷ್ಟು ದಿನ ನಡೆಯುತ್ತದೆ.

ಹಳೇ ಡಿಸ್ಕ್, ಸತ್ತ ಸರ್ವರ್

ಹಳೇ ಆಟಗಳ ಸಿಡಿ, ಡಿವಿಡಿ ಡಿಸ್ಕ್ ಹಾಕಿದರೆ ಆಟ ತೆರೆಯುವುದೇ ಇಲ್ಲ ಅನ್ನುವವರಿಗೆ: ಆ ಕಾಲದ ಹಲವು ಡಿಸ್ಕ್‌ಗಳಲ್ಲಿ ಸೇಫ್‌ಡಿಸ್ಕ್ ಅನ್ನುವ, ನಕಲು ತಡೆಯುವ ಬೀಗ ಇತ್ತು. ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಭದ್ರತೆಯ ಕಾರಣಕ್ಕೆ ಅದಕ್ಕೆ ಬೆಂಬಲ ಕೊಟ್ಟಿಲ್ಲ. ನಿಮ್ಮ ಡಿಸ್ಕ್ ಗೀರಿಲ್ಲ, ಡ್ರೈವ್ ಕೆಟ್ಟಿಲ್ಲ. ಅಟ್ಟದ ಮೇಲೆ ಹಳೇ ಎಕ್ಸ್‌ಪಿ ಮಷಿನ್ ಇದ್ದರೆ ಇಂಟರ್ನೆಟ್ ಕೊಡದೆ ಅದರಲ್ಲಿ ಆಡಿ. ಅಂಡರ್‌ಗ್ರೌಂಡ್ 2 ಹೊಸ ಮಷಿನ್ನಿನಲ್ಲಿ ತೆರೆದ ಸ್ವಲ್ಪ ಹೊತ್ತಿಗೆ ಮುಚ್ಚಿಕೊಂಡರೆ, ಅದು ತೆರೆದಿರುವಾಗಲೇ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಟ್ ಅಫಿನಿಟಿಯಲ್ಲಿ ಪ್ರೊಸೆಸರಿನ ಒಂದೇ ಕೋರ್‌ಗೆ ಗುರುತು ಉಳಿಸಿ ನೋಡಿ.

ಆನ್‌ಲೈನ್ ರೇಸಿನಲ್ಲಿ ಎದುರಾಳಿಯ ಕಾರು ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷವಾದರೆ ಇಂಟರ್ನೆಟ್ ಕಂಪನಿಗೆ ಬೈಯುವ ಮೊದಲು ನಿಮ್ಮ ರೂಟರಿಗೇ ಪಿಂಗ್ ಹೊಡೆದು, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ ನೋಡಿ. ಅಲ್ಲೇ ಅಂಕೆ 2ರಿಂದ 200ಕ್ಕೆ ಹಾರುತ್ತಿದ್ದರೆ ಮನೆಯ ವೈಫೈ ತೊಂದರೆ. ಲ್ಯಾನ್ ಕೇಬಲ್ ಹಾಕಿದರೆ ಮುಗಿಯಿತು.

ಕನೆಕ್ಟೇ ಆಗದಿದ್ದರೆ ಸರ್ವರ್ ಬದುಕಿದೆಯೇ ಅಂತ ಮೊದಲು ನೋಡಿ. ನೀಡ್ ಫಾರ್ ಸ್ಪೀಡ್ ಕಾರ್ಬನ್, ಅಂಡರ್‌ಕವರ್, ದಿ ರನ್ ಮತ್ತು ಎರಡು ಶಿಫ್ಟ್ ಆಟಗಳ ಆನ್‌ಲೈನ್ ಸರ್ವರ್‌ಗಳು 2021ರ ಆಗಸ್ಟ್‌ನಲ್ಲೇ ಬಂದ್ ಆದವು. ಒಬ್ಬರೇ ಆಡುವ ಭಾಗ ಈಗಲೂ ನಡೆಯುತ್ತದೆ. 2014ರಲ್ಲಿ ಬಂದ ದಿ ಕ್ರೂ ಆಟಕ್ಕೆ ಅದೂ ಇಲ್ಲ. ಒಬ್ಬರೇ ಆಡಲೂ ಅದಕ್ಕೆ ಸರ್ವರ್ ಬೇಕಿತ್ತು, 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್ ಪಿಎಸ್4 ಜೊತೆ ಅದರ ಡಿಸ್ಕನ್ನು ಇನ್ನೂರು–ಮುನ್ನೂರಕ್ಕೆ ಸೇರಿಸಿ ಕೊಡುತ್ತೇನೆ ಅಂದರೆ ಬೇಡ ಅನ್ನಿ, ಅಷ್ಟಕ್ಕೆ ಕನ್ಸೋಲಿನ ರೇಟ್ ಇಳಿಸಿ ಕೇಳಿ.